ವೇಟಿಂಗ್ ರೂಮಿನ ಬಾಣಂತಿ

ವೆಲ್ಶ್ ಕಣಿವೆಯೊಂದರ ಪಾಂಟ್‌ವೆನ್ ನಿಲ್ದಾಣದಲ್ಲಿ ಇಳಿಯುವವರೇ ಇರಲಿಲ್ಲ. ಕಣಿವೆಯವರು ಸೇರಿ ಉಳಿಸಿಕೊಂಡ ಹಳೆಯ ಉಗಿಬಂಡಿ ಶನಿವಾರ, ಭಾನುವಾರ ಓಡುತ್ತಿತ್ತು. ಯಾರಾದರೂ ಕೈಬೀಸಿದರೆ ಮಾತ್ರ ಇಲ್ಲಿ ನಿಲ್ಲುತ್ತಿತ್ತು. ಆದರೂ ಅಂಚೆ ಕಚೇರಿಯಿಂದ ನಿವೃತ್ತಳಾದ ಗ್ಲೆನಿಸ್, ಸಂಬಳವಿಲ್ಲದ ಸ್ಟೇಷನ್ ಮಾಸ್ಟರ್ ಕೆಲಸವನ್ನು ಬಲು ಠೀವಿಯಿಂದ ಮಾಡುತ್ತಿದ್ದಳು. ಟೋಪಿ ಹಾಕಿಕೊಂಡು ನಿಂತವಳನ್ನು ಕಂಡು ಡ್ರೈವರ್ ಇದ್ವಲ್ ಪ್ರತಿ ಸಲವೂ, "ಏನಮ್ಮಾ, ಇವತ್ತಾದ್ರೂ ಒಂದು ನರಪಿಳ್ಳೆ ಬಂತಾ?" ಎಂದು ಕೂಗಿಕೊಂಡೇ ಹೋಗುತ್ತಿದ್ದ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಏಪ್ರಿಲ್‌ನ ಒಂದು ಶನಿವಾರ ವೇಟಿಂಗ್ ರೂಮಿನೊಳಗಿಂದ ನರಳಾಟ ಕೇಳಿಸಿತು. ಬೆಂಚಿನ ಪಕ್ಕದಲ್ಲಿ ಎಮ್ಲಿನ್‌ನ ಕುರಿ ಮಲಗಿತ್ತು. ಮರಿಯ ಒಂದೇ ಕಾಲು ಹೊರಗೆ ಬಂದು, ಉಳಿದದ್ದು ಸಿಕ್ಕಿಕೊಂಡಿತ್ತು. ಎಮ್ಲಿನ್ ವಾರವಿಡೀ ಕುರಿ ಮೇಯಿಸುವವನು, ಶನಿವಾರ ಮಾತ್ರ ಎಂಜಿನ್ನಿಗೆ ಕಲ್ಲಿದ್ದಲು ಹಾಕುವವನು. ಈಗ ಬರುತ್ತಿದ್ದ ರೈಲಿನಲ್ಲೇ ಅವನಿದ್ದ.

ಹೊಗೆ ಕಂಡದ್ದೇ ತಡ, ಗ್ಲೆನಿಸ್ ಕೆಂಪು ಬಾವುಟ ಬೀಸುತ್ತಾ ಪ್ಲಾಟ್‌ಫಾರ್ಮಿನ ತುದಿಗೆ ಓಡಿದಳು. ಬ್ರೇಕು ಕಿರ್ರೆಂದಿತು.

"ಏನಾಯ್ತು? ಹಳಿ ಕಿತ್ತೋಗಿದ್ಯಾ?" ಇದ್ವಲ್ ಗಾಬರಿಯಿಂದ ಕೇಳಿದ.

"ಹಳಿ ನೆಟ್ಟಗಿದೆ. ಹೆರಿಗೆ ಕಷ್ಟ ಆಗಿದೆ!"

"ಯಾರಿಗೆ?"

"ಎಮ್ಲಿನ್, ನಿನ್ನ ಕರಿಮೂತಿ ಕುರಿಗೆ ಕಣೋ! ಬೇಗ ಇಳಿ!"

"ಕುರಿಗೋಸ್ಕರ ರೈಲು ನಿಲ್ಲಿಸ್ತಾರೇನೇ ಮಾರಾಯ್ತಿ?" ಇದ್ವಲ್ ಹಣೆ ಚಚ್ಚಿಕೊಂಡ.

ಎಮ್ಲಿನ್ ಆಗಲೇ ಹಾರಿದ್ದ. ಗ್ಲೆನಿಸ್ ಕೊಟ್ಟ ಬಿಸಿನೀರು, ಸಾಬೂನಿನಿಂದ ಕೈಯ ಮಸಿ ತೊಳೆದುಕೊಂಡು ಮಂಡಿಯೂರಿದ. ಮರಿಯನ್ನು ಮೆಲ್ಲಗೆ ಒಳಕ್ಕೆ ತಳ್ಳಿ, ಇನ್ನೊಂದು ಕಾಲನ್ನು ತಡಕಿ ನೇರಮಾಡಿ, ಹೊರಗೆಳೆದ. ಮರಿ ಉಸಿರಾಡಲಿಲ್ಲ. ಗ್ಲೆನಿಸ್ ಕೊರಳಿನ ಸ್ಕಾರ್ಫ್ ಬಿಚ್ಚಿ ಅದರ ಮೈಯನ್ನು ಗಸಗಸನೆ ಉಜ್ಜಿದಳು. ಪ್ರಯಾಣಿಕರೆಲ್ಲ ರೈಲಿನಿಂದಿಳಿದು ಕಿಟಕಿಗೆ ಮೂಗು ಒತ್ತಿಕೊಂಡು ನೋಡುತ್ತಿದ್ದರು.

ಮರಿ ಸೀನಿತು. ಇಡೀ ಪ್ಲಾಟ್‌ಫಾರ್ಮು ಹೋ ಎಂದಿತು. ಹಿಂದೆಯೇ ಇನ್ನೊಂದು ಮರಿ ಸಲೀಸಾಗಿ ಜಾರಿ ಹೊರಬಂತು.

ಆಮೇಲೆ ಯಾರೂ ರೈಲು ಹತ್ತುವ ಲಕ್ಷಣ ಕಾಣಲಿಲ್ಲ. ಗ್ಲೆನಿಸ್ ಚಹಾ ಕಾಯಿಸಿದಳು, ತನಗೆಂದು ತಂದಿದ್ದ ಒಣದ್ರಾಕ್ಷಿಯ ವೆಲ್ಶ್ ಕೇಕುಗಳನ್ನು ಮುರಿಮುರಿದು ಹಂಚಿದಳು. ಕೆನ್ನೆ ಕೆಂಪೇರಿತ್ತು, ಇಷ್ಟು ಜನಕ್ಕೆ ಅವಳು ಎಂದೂ ಉಪಚಾರ ಮಾಡಿರಲಿಲ್ಲ. ಗೊಣಗುತ್ತಲೇ ಒಳಗೆ ಬಂದ ಇದ್ವಲ್‌ನ ತೋಳಿಗೂ ಒಂದು ಮರಿಯನ್ನು ಹಾಕಿದಳು.

ಗಾರ್ಡು ಎರಡು ಸಲ ಸೀಟಿ ಊದಿದರೂ ಇದ್ವಲ್ ಕದಲಲಿಲ್ಲ.

"ಸ್ವಲ್ಪ ಇರಯ್ಯಾ," ಎಂದ ಪಿಸುದನಿಯಲ್ಲಿ. "ಈಗಷ್ಟೇ ನಿದ್ದೆ ಹತ್ತಿದೆ."