ಕಸ್ತೂರಿಗೆ ತಂದ ಟೋಪಿ

ಇಳಕಲ್ಲಿನಲ್ಲಿ ಟೋಪಿ ಎಂಬ ಮಾತಿಗೆ ಅರ್ಥ ಹಲವು. ಹಿರಿಯರ ತಲೆಯ ಮೇಲಿರುವುದು ಒಂದು ಟೋಪಿ, ವ್ಯವಹಾರದಲ್ಲಿ ಒಬ್ಬರಿಗೊಬ್ಬರು ಹಾಕುವುದು ಇನ್ನೊಂದು. ಮಗ್ಗದ ಮನೆಯ ಹೆಂಗಸರು ಟೋಪಿ ಎಂದರೆ ಮಾತ್ರ ಅದು ಸೀರೆಯ ಮಾತು. ಟೋಪ ತೆನಿ ಎಂದು ಆ ಸೆರಗಿನ ಹೆಸರು, ಕೆಂಪಿನ ಮೇಲೆ ಬಿಳಿ ಗೋಪುರಗಳು ಎದ್ದಿರುತ್ತವೆ. ಅಷ್ಟುದ್ದ ಹೇಳಲು ಪುರುಸೊತ್ತಿಲ್ಲದವರು ಟೋಪಿ ಎಂದುಬಿಡುತ್ತಾರೆ. ಕಸ್ತೂರಿಗೆ ಮೊದಲು ಹೊಳೆದದ್ದು ಈ ಅರ್ಥ. ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ.

ಅವಳ ಕೆಲಸವೇ ಅದಾಗಿತ್ತು. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುವುದು. ಇಂದ್ರಾಬಾಯಿಯವರ ಮಗ್ಗದ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಕೂತು ಯಾರ್ಯಾರದೋ ಮದುವೆಯ ಸೆರಗು ಕೂಡಿಸಿದ್ದಳು. ಅಪ್ಪ ಹೋದ ಮೇಲೆ ತಂಗಿಯನ್ನು ಓದಿಸಿ, ದಡ ಸೇರಿಸಿ, ತಾನು ತಲೆಯೆತ್ತಿ ನೋಡುವ ಹೊತ್ತಿಗೆ ಮೂವತ್ತೊಂದು ತುಂಬಿತ್ತು. ಹುನಗುಂದದ ಕಡೆಯ ಹಳ್ಳಿಯಿಂದ ದಿನವೂ ಸೈಕಲ್ಲಿನಲ್ಲಿ ಹೆದ್ದಾರಿ ಹಿಡಿದು ಇಳಕಲ್ಲಿಗೆ ಬರುತ್ತಿದ್ದಳು. ಪಕ್ಕದಲ್ಲೇ ಗ್ರಾನೈಟಿನ ಬಂಡೆ ಹೇರಿಕೊಂಡ ಲಾರಿಗಳು ನೆಲ ನಡುಗಿಸುತ್ತ ಹೋಗುತ್ತಿದ್ದವು.

ಅಂಥ ಒಂದು ಲಾರಿಯ ಡ್ರೈವರ್ ಪ್ರಭುಲಿಂಗ. ಕ್ರಾಸಿನ ಸಂಗಯ್ಯನ ಹೋಟೆಲಿನ ಮುಂದೆ ಒಮ್ಮೆ ಅವಳ ಸೈಕಲ್ಲಿನ ಚೈನು ಹಾಕಿಕೊಟ್ಟಿದ್ದ. ಅವತ್ತಿನಿಂದ ಅಲ್ಲಿ ಇಬ್ಬರಿಗೂ ಚಹಾ ಆಯಿತು, ಚಹಾದಿಂದ ಫೋನಿಗೆ ಬಂತು. ಫೋನಿನಲ್ಲಿ ಆ ಪುಣ್ಯಾತ್ಮ ಊಟ ಆಯ್ತೇನು ಎನ್ನುವುದರಾಚೆ ಹೋದವನಲ್ಲ. ಆದರೂ ಅವಳಿಗೆ ಅವನ ಲಾರಿ ಹಿಂದೆ ಬರುತ್ತಿದ್ದರೆ ಗೊತ್ತಾಗುತ್ತಿತ್ತು. ಉಳಿದವರು ಕಿವಿ ಹರಿಯುವಂತೆ ಹಾರ್ನ್ ಹೊಡೆದರೆ ಅವನು ಸಣ್ಣಗೆ ಎರಡು ಸಲ ಒತ್ತಿ, ದೂರ ಸರಿದು, ನಿಧಾನವಾಗಿ ದಾಟುತ್ತಿದ್ದ. ಆ ಎರಡು ಸದ್ದಿಗಾಗಿ ಅವಳು ಇಡೀ ದಾರಿ ಕಿವಿ ಕೊಟ್ಟಿರುತ್ತಿದ್ದಳು.

ಆ ಚಳಿಗಾಲದಲ್ಲಿ ಒಂದು ದಿನ ಅವನು ಫೋನಿನಲ್ಲಿ ಬಹಳ ಹೊತ್ತು ತಡವರಿಸಿ, ಕೊನೆಗೆ ಹೇಳಿದ: "ಮುಂದಿನ ವಾರ ನಿನಗೊಂದ ಟೋಪಿ ತರ್ತೇನಿ. ತಲಿಮ್ಯಾಲ ಹಾಕ್ಕೊಂಡ ನನ್ನ ಮುಂದ ಬರಬೇಕ ನೋಡ."

ಕಸ್ತೂರಿ ಆ ವಾರ ನೆಲದ ಮೇಲೆ ನಡೆಯಲಿಲ್ಲ. ಗಂಡು ಸೀರೆ ತರುತ್ತೇನೆ, ಸೆರಗು ತಲೆಯ ಮೇಲೆ ಹಾಕಿಕೊಂಡು ಬಾ ಎಂದರೆ ಅದಕ್ಕೆ ಇನ್ನೊಂದು ಅರ್ಥ ಹುಡುಕುವವರುಂಟೇ? ಅವ್ವ ಬೋರವ್ವನಿಗೂ ಹೇಳಿದಳು, ಇಂದ್ರಾಬಾಯಿಗೂ ಹೇಳಿದಳು. ಇಂದ್ರಾಬಾಯಿ ಕುಪ್ಪಸಕ್ಕೆ ಬಣ್ಣವನ್ನೂ ಆರಿಸಿದರು.

ಸಂಗಯ್ಯನ ಹೋಟೆಲಿನ ಮುಂದೆ ಪ್ರಭುಲಿಂಗ ಚೀಲದಿಂದ ತೆಗೆದದ್ದು ಕೆಂಪನೆಯ, ತೂತು ತೂತಿನ, ಸೈಕಲ್ಲಿನ ಹೆಲ್ಮೆಟ್ಟು. ಕಲ್ಲಿನ ಕ್ವಾರಿಯಲ್ಲಿ ತಲೆಗೆ ಹಾಕುವ ಗಟ್ಟಿ ಪ್ಲಾಸ್ಟಿಕ್ಕಿಗೆ ಟೋಪಿ ಎನ್ನುವುದೇ ರೂಢಿ, ಅವನು ಆ ಲೆಕ್ಕದಲ್ಲಿ ಹೇಳಿದ್ದ. ಹೊಸ ಕುಪ್ಪಸ ತೊಟ್ಟು ನಿಂತಿದ್ದ ಕಸ್ತೂರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಒಳಗೆ ಗಿರ್ಮಿಟ್ಟು ತಿನ್ನುತ್ತಿದ್ದವರು ಆಗಲೇ ಇತ್ತ ನೋಡತೊಡಗಿದ್ದರು.

"ಖರೇನ ಟೋಪಿ ಹಾಕಿದಿ ನನಗ," ಎಂದಳು.

ಬೆಂಚಿನವರು ನಕ್ಕರು. ಪ್ರಭುಲಿಂಗನ ಮುಖ ಬಾಡಿತು. ತಾನು ಮಾಡಿದ ತಪ್ಪೇನೆಂದು ಅವನಿಗೆ ತಿಳಿಯಲಿಲ್ಲ, ಬಿಡಿಸಿ ಹೇಳಲು ಅವಳ ನಾಲಿಗೆ ಹೊರಳಲಿಲ್ಲ. ಹೇಳುವುದಾದರೂ ಹೇಗೆ, ನೀನು ಕೇಳದ ಮಾತಿಗೆ ನಾನು ಹೂಂ ಎಂದು ಬಂದಿದ್ದೆ ಎಂದೇ? ಅವನು ಹೆಲ್ಮೆಟ್ಟನ್ನು ಅವಳ ಸೈಕಲ್ಲಿನ ಹ್ಯಾಂಡಲ್ಲಿಗೆ ತೂಗುಹಾಕಿ ಲಾರಿ ಹತ್ತಿದ. ಅವಳು ಮನೆ ಮುಟ್ಟುವ ಮೊದಲೇ ಸಿಟ್ಟಿನಲ್ಲಿ ಅವನ ನಂಬರು ಅಳಿಸಿ ಹಾಕಿದಳು.

ಬೋರವ್ವ ಹಾಳಾಗುವುದೇಕೆಂದು ಹೆಲ್ಮೆಟ್ಟನ್ನು ಗೂಟಕ್ಕೆ ಹಾಕಿ ಅದರಲ್ಲಿ ಬೆಳ್ಳುಳ್ಳಿ ತುಂಬಿದಳು. ಎರಡು ತಿಂಗಳು ಅದು ಹಾಗೇ ಇತ್ತು. ಸಿಟ್ಟು ಮಾತ್ರ ಹತ್ತು ದಿನಕ್ಕೆ ಮುಗಿದುಹೋಯಿತು. ಆಮೇಲೆ ಉಳಿದದ್ದು ದಾರಿ ಕಾಯುವುದೊಂದೇ. ಹಿಂದೆ ಎಷ್ಟೋ ಲಾರಿಗಳು ಬಂದವು, ಯಾವುದೂ ಸಣ್ಣಗೆ ಎರಡು ಸಲ ಕೂಗಲಿಲ್ಲ. ಫೋನೂ ಬರಲಿಲ್ಲ. ಕೊಂಡಿ ಹಾಕುವಾಗ ಎಳೆ ತಪ್ಪತೊಡಗಿತು. ಇಂದ್ರಾಬಾಯಿ ಬೈಯಲಿಲ್ಲ, ಅದು ಅವಳಿಗೆ ಇನ್ನೂ ಕಷ್ಟವಾಯಿತು.

ಯುಗಾದಿಯ ಮುಂದೆ, ಅವಳ ಊರಿನಿಂದ ಸೈಕಲ್ಲಿನಲ್ಲಿ ಹಾಲು ಒಯ್ಯುವ ಹುಲ್ಲಪ್ಪನನ್ನು ಯಾವುದೋ ಗಾಡಿ ಸವರಿಕೊಂಡು ಹೋಯಿತು. ಕೈಕಾಲಿಗೆ ಏನೂ ಆಗಲಿಲ್ಲ, ತಲೆ ಮಾತ್ರ ರಸ್ತೆ ಬದಿಯ ಕಲ್ಲಿಗೆ ಬಡಿಯಿತು. ಹನ್ನೆರಡು ಹೊಲಿಗೆ. ದವಾಖಾನೆಯಲ್ಲಿ ಮೂರು ದಿನ ಅವನಿಗೆ ಹೆಂಡತಿಯ ಹೆಸರು ನೆನಪಾಗಲಿಲ್ಲ. ಪಕ್ಕದಲ್ಲಿ ನಿಂತು ನಾ ಯಾರು, ನಾ ಯಾರು ಎಂದು ಕೇಳುತ್ತಿದ್ದ ಆ ಹೆಂಗಸನ್ನು ಕಸ್ತೂರಿ ನೋಡಿ ಬಂದಳು. ಲಾರಿಯ ಮೇಲೆ ಕೂತವನಿಗೆ ದಿನವೂ ಕೆಳಗೆ ಕಾಣುತ್ತಿದ್ದದ್ದು ಇಂಥ ಬರಿ ತಲೆಗಳೇ ಅಲ್ಲವೇ ಎಂದು ಅವಳಿಗೆ ಆಗ ತಿಳಿಯಿತು. ಸೀರೆ ಯಾರಾದರೂ ತರುತ್ತಾರೆ. ಅವನಿಗೆ ಬೇಕಾಗಿದ್ದದ್ದು ಅವಳು ಸಂಜೆ ಮನೆ ಮುಟ್ಟುವುದು.

ಮರುದಿನ ಬೆಳ್ಳುಳ್ಳಿ ಸುರುವಿ ಹೆಲ್ಮೆಟ್ಟು ಹಾಕಿಕೊಂಡಳು. ಊರಿಗೆ ಊರೇ ನಕ್ಕಿತು. ಬೈಕಿನವರೇ ಹಾಕುವುದಿಲ್ಲ, ಸೈಕಲ್ಲಿಗೆ ಯಾವ ಕಾನೂನು ಕೇಳುತ್ತದೆ ಎಂದು ಸಂಗಯ್ಯ ವಾದ ಹೂಡಿದ. ಹುಲ್ಲಪ್ಪನನ್ನು ಕೇಳಿ ಬಾ ಎಂದು ಅವಳು ಅವನ ಬಾಯಿ ಮುಚ್ಚಿಸಿದಳು. ಆದರೆ ನಿಜ ಹೇಳಬೇಕೆಂದರೆ ಅವಳು ಅದನ್ನು ಹಾಕಿಕೊಂಡದ್ದು ತಲೆಗಾಗಿ ಅರ್ಧ, ಅವನ ಕಣ್ಣಿಗಾಗಿ ಅರ್ಧ. ಯಾವುದಾದರೂ ಲಾರಿಯಲ್ಲಿ ಅವನಿದ್ದರೆ ಮೇಲಿನಿಂದ ಕೆಂಪು ಕಾಣಲಿ, ತಿಳಿದುಕೊಳ್ಳಲಿ. ಬಾಯಿಬಿಟ್ಟು ಹೇಳಲಾರದವಳಿಗೆ ಇದ್ದ ದಾರಿ ಅದೊಂದೇ. ಬೇಸಿಗೆಯ ಬಿಸಿಲಿಗೆ ನೆತ್ತಿ ಬೆವೆತು ತುರಿಸಿದರೂ ಹೆದ್ದಾರಿಯಲ್ಲಿ ಒಂದು ಗಳಿಗೆ ತೆಗೆಯಲಿಲ್ಲ.

ಜೂನಿನ ಮಿರಗ ಮಳೆಗೆ ಮುಂಚೆ ಒಂದು ಮಧ್ಯಾಹ್ನ, ಕ್ರಾಸಿನಲ್ಲಿ ಒಂದು ಲಾರಿ ಅವಳ ಮುಂದೆ ಬಂದು ನಿಂತಿತು. ಅವಳು ಗಕ್ಕನೆ ಬ್ರೇಕು ಹಿಡಿದಳು. ಇಳಿದವನು ನರೆತ ಗಡ್ಡದ ಬೇರೆ ಡ್ರೈವರ್. ತನ್ನ ಹೆಸರು ಅಹ್ಮದಸಾಬ, ಪ್ರಭುಲಿಂಗನ ಜೊತೆಗಾರ ಎಂದು ಹೇಳಿದ. ಅವಳ ಹೆಲ್ಮೆಟ್ಟನ್ನೇ ನೋಡುತ್ತ ನಿಂತ.

ಆ ಜಗಳದ ಮರುವಾರವೇ ಪ್ರಭುಲಿಂಗನನ್ನು ಬೇರೆ ಕ್ವಾರಿಗೆ ಹಾಕಿದ್ದರಂತೆ. ಈ ರಸ್ತೆಗೆ ಬರುವ ಅಹ್ಮದಸಾಬನ ಹತ್ತಿರ ಒಂದೇ ಮಾತು ಕೇಳುತ್ತಿದ್ದನಂತೆ, ಅವಳು ಟೋಪಿ ಹಾಕ್ಕೊಂಡಾಳೇನು ನೋಡು ಎಂದು. ಹಾಕಿಕೊಂಡರೆ ಒಪ್ಪಿಗೆ ಎಂದು ತಿಳಿದು, ಅವತ್ತೇ ಅವಳ ಮನೆಗೆ ಹೋಗಿ ಅವಳ ಅವ್ವನನ್ನು ಕೇಳುತ್ತೇನೆ ಎಂದಿದ್ದನಂತೆ. ಎರಡು ತಿಂಗಳು ಅಹ್ಮದಸಾಬ ನೋಡಿದ್ದು ಬರಿ ತಲೆ. ಇಲ್ಲ ಎಂದೇ ಹೇಳಿದ. ಆಮೇಲೆ ತನಗೂ ಬೇರೆ ದಾರಿಯ, ಬಂದರಿನ ಲೋಡು ಬಿತ್ತು. ಮತ್ತೆ ಈ ದಾರಿಗೆ ಬಂದದ್ದು ಇವತ್ತೇ.

ಕಸ್ತೂರಿ ಸೈಕಲ್ಲಿನ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದಳು. ಟೋಪಿ ಕೊಟ್ಟು ಅವನೂ ಕೇಳಿದ್ದು ಮದುವೆಯ ಮಾತನ್ನೇ. ಅವಳು ತಪ್ಪು ತಿಳಿದಿರಲಿಲ್ಲ.

"ಈಗ ಎಲ್ಲಿ ಅದಾರ್ರಿ?" ಎಂದಳು.

ಅಹ್ಮದಸಾಬ ನೆಲ ನೋಡಿದ. "ಲಗ್ನ ಆಗಿ ಎಂಟ ದಿನ ಆತವ್ವಾ. ಮನ್ಯಾಗ ಹಟಾ ಹಿಡದ್ರು. ಹುಡುಗಿ ಛಲೋ ಐತಿ, ಬಡವ್ರ ಮಗಳ. ಆದ್ರ ಮುಂಜಾನೆ ನಾ ಇಳಕಲ್ ಕಡಿ ಹೊಂಟೇನಿ ಅಂದ ಕೂಡ್ಲೆ ಮತ್ತ ಅದನ್ನ ಕೇಳಿದ. ಏನಂತ ಹೇಳಲಿ?"

ಹೌದು ಎನ್ನಿ, ಯುಗಾದಿಯಿಂದ ಒಂದು ದಿನ ಬಿಡದೆ ಹಾಕಿಕೊಂಡಿದ್ದೇನೆ ಎನ್ನಿ. ಮಾತು ಅವಳ ತುಟಿಯವರೆಗೆ ಬಂದಿತ್ತು. ಆ ಒಂದು ಮಾತು ಅವನಿಗೆ ಮುಟ್ಟಲಿ ಎಂದು ಎಷ್ಟು ಹಂಬಲಿಸಿದ್ದಳು. ಮುಟ್ಟಿದರೆ ಅವನು ಊಟದ ತಾಟಿನ ಮುಂದೆ ಕೈಕಟ್ಟಿ ಕೂಡುತ್ತಾನೆ, ಲಗ್ನವಾಗಿ ಎಂಟು ದಿನದ ಹೆಣ್ಣು ಪಕ್ಕದಲ್ಲಿ ನಿಂತು ಏನಾಯಿತೆಂದು ಕೇಳುತ್ತದೆ.

ಕಸ್ತೂರಿ ಕೆಂಪು ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿದುಕೊಂಡಳು.

"ಹಾಕ್ಕೊಂಡಿಲ್ಲ ಅಂತ ಹೇಳ್ರಿ," ಎಂದಳು.