ಡ್ರಮ್ಮಿನ ತಳದ ನೀರು

"ಹೀರು ಬೋಳಿಮಗನೆ. ಬಾಯ್ತುಂಬ ಹೀರು. ಕದ್ದು ಮಾರೋವಾಗ ಕಹಿ ಅನ್ನಿಸಲಿಲ್ವಲ್ಲ?"

ಪಿಕಪ್ಪಿನ ಟ್ಯಾಂಕಿಗೆ ಇಳಿಬಿಟ್ಟ ಪೈಪಿನ ಇನ್ನೊಂದು ತುದಿ ಡ್ರೈವರ್ ಟಾಪ್‌ಗೇರನ ಬಾಯಲ್ಲಿತ್ತು. ಅವನು ಮಂಡಿಯೂರಿ ಉಸಿರೆಳೆದ. ಡೀಸೆಲು ಸರಕ್ಕನೆ ನುಗ್ಗಿ ಗಂಟಲಿಗೇ ಬಡಿಯಿತು. ಪೈಪನ್ನು ಬಕೀಟಿಗೆ ಬಿಟ್ಟು ಕೆಮ್ಮಿದ, ಉಗುಳಿದ. ಹರಿವು ಹತ್ತಿಕೊಂಡಿತು ಅನ್ನುವಷ್ಟರಲ್ಲಿ ಕಲ್ಲುಕ್ವಾರಿಯ ಯಜಮಾನ ಬೂಟುಗಾಲಿನಿಂದ ಪೈಪನ್ನು ಒದ್ದು ಟ್ಯಾಂಕಿನಿಂದ ಹೊರಬೀಳಿಸಿದ.

"ಮತ್ತೆ ಹೀರು."

ಇದು ಮೂರನೇ ಸಲ. ಟ್ಯಾಂಕು ಖಾಲಿ ಮಾಡುವ ಕೈಪಂಪು ಶೆಡ್ಡಿನ ಗೋಡೆಯ ಮೇಲೇ ನೇತಾಡುತ್ತಿತ್ತು. ಅದು ಎಲ್ಲರಿಗೂ ಕಾಣುತ್ತಿತ್ತು, ಯಜಮಾನನಿಗೂ.

ಟಾಪ್‌ಗೇರ ಅನ್ನುವ ಹೆಸರು ಅವನಿಗೆ ಬಿದ್ದದ್ದು ಅವನೆಂದೂ ಎರಡನೇ ಗೇರು ದಾಟುವುದಿಲ್ಲ ಅನ್ನುವ ಕಾರಣಕ್ಕೆ. ಹಿಂದೆ ಜಲ್ಲಿ ಒಡೆಯುವ ಹನ್ನೆರಡು ಹೆಂಗಸರು ನಿಂತೇ ಬರುತ್ತಾರೆ, ಅವರಲ್ಲಿ ಒಬ್ಬಳು ಅವನ ಸ್ವಂತ ಅತ್ತಿಗೆ. ಗಾಡಿ ಹಾರಿಸಿದರೆ ಸಂಜೆ ಮನೆಯಲ್ಲಿ ಬೈಗುಳದ ಜೊತೆಗೇ ತಟ್ಟೆ ಬರುತ್ತದೆ. ಇವತ್ತು ಬೆಳಿಗ್ಗೆ ಅವನ ಎರಡನೇ ಗೇರೂ ಕೈಕೊಟ್ಟಿತ್ತು. ದಿಬ್ಬದ ನಡುವೆ ಎಂಜಿನ್ನು ಮುಕ್ಕರಿಸಿ, ಬಿಳಿ ಹೊಗೆ ಕಾರಿ, ತೆಪ್ಪಗಾಯಿತು. ಫಿಲ್ಟರಿನ ತಳದ ತಿರುಪು ಸಡಿಲಿಸಿದರೆ ಬಂದದ್ದು ಬರೀ ನೀರು. ಹನ್ನೆರಡು ಜನ ನೂಕಿ ನೂಕಿ ಗಾಡಿಯನ್ನು ಕ್ವಾರಿಗೆ ಮುಟ್ಟಿಸಿದ್ದರು.

ನಿಜ ಹೇಳಬೇಕೆಂದರೆ ನಿನ್ನೆ ಸಂಜೆಯೇ ಎಂಜಿನ್ನು ತಡವರಿಸಿತ್ತು. ಆಗಲೇ ಅವನು ಫಿಲ್ಟರಿನ ನೀರು ಬಸಿದು, ಚಿಂದಿಯಲ್ಲಿ ಒರೆಸಿ, ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿದ್ದ. ದೂರು ಹೇಳಿದವನೇ ಕಳ್ಳನಾಗುತ್ತಾನೆ ಅನ್ನುವುದು ಅವನ ಕೇರಿಯ ಮಕ್ಕಳು ನಡೆಯುವ ಮೊದಲೇ ಕಲಿಯುವ ಪಾಠ. ಬಸಿಯುವುದನ್ನು ಕ್ವಾರಿಯ ಗುಮಾಸ್ತ ಆಫೀಸಿನ ಕಿಟಕಿಯಿಂದ ನೋಡಿದ್ದ. ಕಲಿತ ಪಾಠವೇ ಕುತ್ತಿಗೆಗೆ ಬಂತು.

"ಡೀಸೆಲ್ ಮಾರ್ಕೊಂಡು ನೀರು ಬೆರೆಸಿಲ್ಲ ಅಂದ್ರೆ ಕದ್ದುಮುಚ್ಚಿ ಯಾಕೆ ಬಸಿದೆ?" ಅಂದ ಗುಮಾಸ್ತ. ಅವನು ಆಫೀಸಿನ ಬಾಗಿಲಲ್ಲಿ ನಿಂತಿದ್ದ, ಕೆಳಗಿಳಿದಿರಲಿಲ್ಲ.

"ಹೇಳಿದ್ರೆ ನೀವು ನಂಬ್ತಿದ್ರಾ ಸಾರ್?"

"ಎದುರು ಮಾತಾಡ್ತಾನೆ ನೋಡಿ ಯಜಮಾನ್ರೆ. ಚರಂಡಿ ಬಾಚೋ ಕೈಗೆ ಸ್ಟೀರಿಂಗ್ ಕೊಟ್ರೆ ಇನ್ನೇನಾಗುತ್ತೆ."

ಹೆಂಗಸರು ಕಲ್ಲುರಾಶಿಯ ಹತ್ತಿರ ನಿಂತಿದ್ದರು. ಅತ್ತಿಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ಅಲ್ಲ ಗುಮಾಸ್ತಪ್ಪ, ಒಂದು ಮಾತು ಕೇಳ್ತೀನಿ. ಡೀಸೆಲ್ಲಿನ ಡ್ರಮ್ಮು ಎಲ್ಲಿದೆ?"

ಡ್ರಮ್ಮು ಗುಮಾಸ್ತನ ಬೆನ್ನ ಹಿಂದೆ, ಆಫೀಸಿನ ಒಳಗೇ ಇತ್ತು. ಅಲ್ಲೇ ಯಜಮಾನರ ಮೇಜು, ಅಲ್ಲೇ ಅವರು ಕುಡಿಯುವ ನೀರಿನ ಕೊಡ. ಕೊಡ ಇರುವ ಕೋಣೆಗೆ ಟಾಪ್‌ಗೇರನ ಕೇರಿಯವರು ಕಾಲಿಡುವಂತಿರಲಿಲ್ಲ. ನಾಲ್ಕು ಮೆಟ್ಟಿಲ ಕೆಳಗೆ ನಿಂತು ಖಾಲಿ ಕ್ಯಾನನ್ನು ನೆಲದ ಮೇಲಿಡಬೇಕು. ಗುಮಾಸ್ತ ಅದನ್ನು ಒಯ್ದು, ತುಂಬಿಸಿ, ತಂದು ತಾನೇ ಟ್ಯಾಂಕಿಗೆ ಸುರಿದು, ಮುಚ್ಚಳಕ್ಕೆ ಬೀಗ ಹಾಕುತ್ತಿದ್ದ. ಡೀಸೆಲ್ಲಿನ ವಿಷಯದಲ್ಲಿ ನಿಮ್ಮ ಜನವನ್ನು ನಂಬುವುದಕ್ಕಾಗುವುದಿಲ್ಲ ಅಂತ ಆರು ವರ್ಷದಿಂದ ಹೇಳುತ್ತ ಬಂದಿದ್ದ.

"ಡ್ರಮ್ಮು ಮುಟ್ಟೋ ಹಾಗಿಲ್ಲ, ಟ್ಯಾಂಕಿನ ಬೀಗ ನಿಮ್ಮ ಹತ್ರ," ಅಂದಳು ಅತ್ತಿಗೆ. "ನಮ್ಮ ಹುಡುಗ ನೀರನ್ನ ಏನು ಕನಸಲ್ಲಿ ಬೆರೆಸಿದ್ನಾ?"

ಯಾರೋ ಕಿಸಕ್ಕೆಂದರು. ಯಜಮಾನ ತಿರುಗಿದ್ದೇ ತಡ, ನಗು ಅಡಗಿತು.

"ಬಾಯಿ ಮುಚ್ಚೆ ರಂಡೆ." ಆಮೇಲೆ ದನಿ ತಗ್ಗಿಸಿ ಟಾಪ್‌ಗೇರನಿಗೆ ಹೇಳಿದ, "ನೋಡು, ನಾನು ಕೆಟ್ಟೋನಲ್ಲ. ಕದ್ದೆ ಅಂತ ಎಲ್ಲರೆದುರು ಒಪ್ಕೊ. ಪೊಲೀಸರಿಗೆ ಹೇಳಲ್ಲ. ನಾಳೆಯಿಂದ ನಿಮ್ಮಪ್ಪನ ಹಾಗೆ ಚರಂಡಿ ಬಾಚ್ಕೊಂಡು ಬಿದ್ದಿರು. ಲೈಸೆನ್ಸು ನನ್ನ ಡ್ರಾಯರಲ್ಲಿದೆ, ಅಲ್ಲೇ ಇರುತ್ತೆ."

ಲೈಸೆನ್ಸು ಅನ್ನುವ ಮಾತು ಕಿವಿಗೆ ಬಿದ್ದಾಗ ಟಾಪ್‌ಗೇರನಿಗೆ ಗಂಟಲ ಉರಿ ಮರೆತುಹೋಯಿತು. ಅದು ಕೈಗೆ ಬಂದ ದಿನ ಅಪ್ಪ ಎರಡು ಸಲ ಸೋಪು ಹಚ್ಚಿ ಕೈ ತೊಳೆದು ಅದನ್ನು ಮುಟ್ಟಿದ್ದ. ಅವರ ಕೇರಿಯಲ್ಲಿ ಸ್ಟೀರಿಂಗು ಹಿಡಿದವರು ಅವನಿಗಿಂತ ಮೊದಲು ಯಾರೂ ಇರಲಿಲ್ಲ. ಕೆಲಸಕ್ಕೆ ಸೇರಿದ ಬೆಳಿಗ್ಗೆಯೇ ಯಜಮಾನ ಅದನ್ನು ಇಸಿದುಕೊಂಡಿದ್ದ. ಕಳ್ಳ ಅನ್ನಿಸಿಕೊಂಡು ಬರಿಗೈಯಲ್ಲಿ ಹೊರಟರೆ ಇನ್ನು ಯಾವ ಗಾಡಿಯ ಬಾಗಿಲೂ ಅವನಿಗೆ ತೆರೆಯುವುದಿಲ್ಲ. ಅಪ್ಪನಿಗೆ ಏನೆಂದು ಹೇಳುವುದು?

ಅವನು ಎದ್ದು ನಿಂತ. ಮೊಣಕಾಲಿಗೆ ಅಂಟಿದ್ದ ಕಲ್ಲುಪುಡಿ ಕೊಡವಿಕೊಂಡ. ನೆಟ್ಟಗೆ ನಡೆದು ಆಫೀಸಿನ ಮೊದಲನೇ ಮೆಟ್ಟಿಲ ಮೇಲೆ ಕಾಲಿಟ್ಟ.

"ಏಯ್, ಎಲ್ಲಿಗೋ?" ಗುಮಾಸ್ತ ಬಾಗಿಲಿಗೆ ಅಡ್ಡ ಕೈ ಚಾಚಿದ.

ಟಾಪ್‌ಗೇರ ಒಂದೊಂದೇ ಮೆಟ್ಟಿಲು ಹತ್ತಿದ, ಅವಸರ ಮಾಡಲಿಲ್ಲ. ಹತ್ತಿರ ಬಂದಂತೆ ಗುಮಾಸ್ತನೇ ಮೈಗೆ ಮೈ ತಾಗೀತೆಂದು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ. ಆರು ವರ್ಷ ಅವಮಾನ ಮಾಡಿದ ಮಡಿ ಆ ಹೊತ್ತಿಗೆ ಉಪಯೋಗಕ್ಕೆ ಬಂತು.

ಡ್ರಮ್ಮನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಮಲಗಿಸಿದ್ದರು. ನೀರಿದ್ದರೆ ಅದು ಡೀಸೆಲ್ಲಿನ ಕೆಳಗೇ ನಿಂತಿರುತ್ತದೆ. ಟಾಪ್‌ಗೇರ ಬಾಗಿಲ ಕಡೆಗೆ ತಿರುಗಿ, ಎಲ್ಲರಿಗೂ ಕಾಣುವ ಹಾಗೆ ಸರಿದು ನಿಂತು, ತಳದ ನಲ್ಲಿಯನ್ನು ಪೂರ್ತಿ ತಿರುವಿದ.

ನೀರು ಬಂತು. ತುಕ್ಕಿನ ಬಣ್ಣದ ನೀರು ನೆಲಕ್ಕೆ ಬಿದ್ದು, ಹೊಸಿಲು ದಾಟಿ, ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು. ಗುಮಾಸ್ತನ ಮುಖ ಇಂಗು ತಿಂದ ಮಂಗನಂತಾಯಿತು. ನೀರು ನಿಲ್ಲುವ ಸೂಚನೆಯೇ ಕಾಣಲಿಲ್ಲ.

"ನಲ್ಲಿ ಮುಚ್ಚೋ," ಅಂದ ಯಜಮಾನ.

ನೀರು ಎಲ್ಲಿಂದ ಬಂತು ಅಂತ ಅವನು ಕೇಳಲಿಲ್ಲ. ಟಾಪ್‌ಗೇರ ಅದನ್ನು ಗಮನಿಸಿದ. ಕೆಳಗೆ ನಿಂತ ಹನ್ನೆರಡು ಜನರೂ ಗಮನಿಸಿದರು.

"ಹಂಗಾದ್ರೆ ನಿಮಗೂ ಗೊತ್ತಿತ್ತು," ಅಂದ ಟಾಪ್‌ಗೇರ. "ಡೀಸೆಲ್ ಮಾರ್ಕೊಂಡಿದ್ದು ನೀವು, ನೀರು ತುಂಬಿಸಿದ್ದು ನೀವು, ಹೀರಿದ್ದು ನಾನು."

ಅವನು ಮೇಜಿನ ಡ್ರಾಯರು ಎಳೆದ. ಬೀಗ ಹಾಕಿತ್ತು. ಕೀಲಿಕೈ ಯಜಮಾನನ ಸೊಂಟದಲ್ಲಿತ್ತು.

"ಪಕ್ಕಕ್ಕೆ ಸರಿಯಪ್ಪ ಮೈದುನ," ಅಂದಳು ಅತ್ತಿಗೆ. ಅವಳು ಆಗಲೇ ಒಳಗೆ ಬಂದಿದ್ದಳು. ಹದಿನೈದು ವರ್ಷ ಕಲ್ಲೊಡೆದ ಸುತ್ತಿಗೆಗೆ ಮರದ ಡ್ರಾಯರು ಯಾವ ಲೆಕ್ಕ. ಒಂದೇ ಏಟಿಗೆ ಬೀಗ ಮುಂದಿನ ಹಲಗೆಯ ಸಮೇತ ಕಿತ್ತು ಬಂತು.

ಒಳಗೆ ಇದ್ದದ್ದು ಅವನ ಲೈಸೆನ್ಸು ಒಂದೇ ಅಲ್ಲ. ರಬ್ಬರು ಬ್ಯಾಂಡಿನಲ್ಲಿ ಕಟ್ಟಿಟ್ಟ ಹೆಂಗಸರ ಗುರುತಿನ ಚೀಟಿಗಳು, ಕೆಲಸಕ್ಕೆ ಸೇರುವಾಗ ಇಸಿದುಕೊಂಡು ಕಳೆದುಹೋದವೆಂದು ಯಜಮಾನ ಹೇಳಿದ್ದವೆಲ್ಲ ಅಲ್ಲೇ ಇದ್ದವು. ಟಾಪ್‌ಗೇರ ತನ್ನದನ್ನು ಜೇಬಿಗಿಟ್ಟು, ಉಳಿದವನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಹೆಸರು ಓದತೊಡಗಿದ. ಹೆಸರು ಬಂದವಳು ಸುತ್ತಿಗೆ ಹಿಡಿದೇ ಮೆಟ್ಟಿಲು ಹತ್ತಿ ಬಂದಳು. ತೆಗೆದುಕೊಂಡವಳು ಇಳಿಯಲಿಲ್ಲ, ಮುಂದಿನವಳಿಗಾಗಿ ಅಲ್ಲೇ ಸರಿದು ನಿಂತಳು. ನೀರು ಮುಗಿದು ಈಗ ಮೆಟ್ಟಿಲ ಮೇಲೆ ಡೀಸೆಲು ಹರಿಯುತ್ತಿತ್ತು. ಯಾರೂ ನಲ್ಲಿ ಮುಟ್ಟಲಿಲ್ಲ.

"ಇಳೀರೇ ಕೆಳಗೆ," ಯಜಮಾನ ಅರಚಿ ಮೆಟ್ಟಿಲಿಗೆ ಕಾಲೆತ್ತಿದ.

"ಅಲ್ಲೇ ನಿಂತ್ಕೊಳಿ ಯಜಮಾನ್ರೆ," ಅಂದಳು ಅತ್ತಿಗೆ. "ನೀವು ಹತ್ತೋ ಹಾಗಿಲ್ಲ. ಜಾರುತ್ತೆ."