ಹದಿನೆಂಟು ಕಿಲೋ

ಕಾರಿನ ಎಸಿ ತೆಗೆಸಿದ ವಾರದಲ್ಲೇ ರೂಬನ್ ಹೆಣ್ಣು ನೋಡಲು ಹೋಗಬೇಕಾಯಿತು. ಮೇ ತಿಂಗಳು. ಕಂಪ್ರೆಸರ್, ಪೈಪು, ಬ್ಲೋವರ್ ಎಲ್ಲ ಸೇರಿ ಹದಿನೆಂಟು ಕಿಲೋ ಮೂಸಬ್ಬನ ಗ್ಯಾರೇಜಿನಲ್ಲಿ ಗೋಣಿಯೊಳಗೆ ಬಿದ್ದಿತ್ತು. ಕಳೆದ ವರ್ಷ ಮೈದಾನದ ಕಾರ್ ಸ್ಪರ್ಧೆಯಲ್ಲಿ ಅವನು ಅರ್ಧ ಸೆಕೆಂಡಿನಿಂದ ಸೋತಿದ್ದ. ಆ ಅರ್ಧ ಸೆಕೆಂಡನ್ನು ಎಸಿಯ ಭಾರವೇ ನುಂಗಿತು ಎಂದು ನಂಬಿದ್ದ. ತನ್ನ ಹೊಟ್ಟೆಯ ಮೇಲೆ ಅವನಿಗೆ ಯಾವ ಅನುಮಾನವೂ ಬಂದಿರಲಿಲ್ಲ. ಈ ಭಾನುವಾರ ಬೆಳಿಗ್ಗೆ ಮತ್ತೆ ಸ್ಪರ್ಧೆ.

ಹುಡುಗಿ ಆನ್ಸಿ, ಕುವೈತಿನಲ್ಲಿ ನರ್ಸ್. ಅವಳ ಫೋಟೋ ಬಂದ ದಿನದಿಂದ ರೂಬನ್ ಊಟದ ಹೊತ್ತಿಗೆ ಎಂಜಿನ್ ವಿಡಿಯೋ ನೋಡುವುದನ್ನು ಬಿಟ್ಟಿದ್ದ. ಅವನ ಮಟ್ಟಿಗೆ ಅದು ಪ್ರೇಮ. ಆದರೆ ಅಪಘಾತದವರ ವಾರ್ಡಿನಲ್ಲಿ ದುಡಿಯುವ ಆನ್ಸಿಯದು ಒಂದೇ ಷರತ್ತು: ವೇಗದ ಹುಚ್ಚಿನವನು ಬೇಡ.

"ರೇಸಿನ ಸುದ್ದಿ ಎತ್ತಬೇಡ. ಎಸಿ ಹಾಳಾಗಿದೆ ಅಂತ ಹೇಳು," ಎಂದು ಅಮ್ಮ ಡುಲ್ಸಿನ್ ದಾರಿಯುದ್ದಕ್ಕೂ ಪಾಠ ಮಾಡಿದರು.

ಕಾವೂರಿನ ಆನ್ಸಿಯ ಮನೆಯಲ್ಲಿ ಚಹಾ ಆಯಿತು. "ನೀವಿಬ್ಬರೂ ಒಂದು ರೌಂಡ್ ಹೋಗಿ ಮಾತಾಡಿ ಬನ್ನಿ," ಎಂದು ಹಿರಿಯರು ಕಳಿಸಿದರು. ಬಜಪೆಯ ದಾರಿ ಹಿಡಿಯುವಷ್ಟರಲ್ಲಿ ರೂಬನ್‌ನ ಅಂಗಿ ಬೆನ್ನಿಗೆ ಅಂಟಿತ್ತು.

"ಎಸಿಗೆ ಎಂತ ಆಗಿದೆ?"

ತನ್ನ ಕಾರಿನಲ್ಲಿ ಏನೋ ಹಾಳಾಗಿದೆ ಎನ್ನಲು ಅವನಿಗೆ ನಾಚಿಕೆಯಾಯಿತು. "ನಂಗೆ ಎಸಿ ಆಗುದಿಲ್ಲ. ನ್ಯಾಚುರಲ್ ಗಾಳಿಯೇ ಇಷ್ಟ."

"ಹೌದಾ?" ಆನ್ಸಿ ಮೊದಲ ಬಾರಿ ನಕ್ಕಳು. "ಹಾಗಾದ್ರೆ ಮೆಲ್ಲ ಹೋಗುವ. ಊರು ನೋಡದೆ ಎರಡು ವರ್ಷ ಆಯ್ತು."

ಅಷ್ಟು ಕಷ್ಟಪಟ್ಟು ಹಗುರ ಮಾಡಿದ ಕಾರು ಮೂವತ್ತರಲ್ಲಿ ತೆವಳಿತು. ಒಂದು ರಿಕ್ಷಾ ಮುಂದೆ ಹೋಯಿತು. ಮೀನಿನ ಟೆಂಪೊ ಮುಂದೆ ಹೋಯಿತು. ರೂಬನ್ ನಗುತ್ತಲೇ ಇದ್ದ. ಏರಿನಲ್ಲಿ ಒಂದು ಮದುವೆ ಬಸ್ಸು ಹಾರ್ನ್ ಹೊಡೆದು, ಮುಖಕ್ಕೇ ಹೊಗೆ ಬಿಟ್ಟು ಮುಂದೆ ಹೋದಾಗ ಅವನ ಬಲಗಾಲು ಅವನ ಮಾತು ಕೇಳಲಿಲ್ಲ. ಕಾರು ನೆಗೆಯಿತು. ಬಸ್ಸು ಕನ್ನಡಿಯಲ್ಲಿ ಬೆಂಕಿಪೆಟ್ಟಿಗೆಯಷ್ಟಾಯಿತು.

"ಪಿಕಪ್ ನೋಡಿದ್ರಾ!" ಬಾಯಿಂದ ಬಂದೇಬಿಟ್ಟಿತು.

ಆನ್ಸಿ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಳು. "ಎಸಿ ತೆಗೆಸಿದ್ದು ಇದಕ್ಕಾ? ಎಷ್ಟು ಕಿಲೋ ಇತ್ತು?"

"ಹದಿನೆಂಟು."

"ಇನ್ನು ಎಂತ ತೆಗಿಲಿಕ್ಕೆ ಉಂಟು?"

"ಹಿಂದಿನ ಸೀಟು." ನಿಜ ಹೇಳಲು ಶುರು ಮಾಡಿದರೆ ಅವನಿಗೆ ಅಲ್ಲೂ ಬ್ರೇಕಿರಲಿಲ್ಲ. "ಭಾನುವಾರದ ರೇಸಿಗೆ ಮಾತ್ರ."

"ನಿಲ್ಲಿಸಿ ಮಾರಾಯ್ರೇ."

ಅವಳು ಇಳಿದು ಸುತ್ತಿ ಬಂದು ಅವನ ಬದಿಯ ಬಾಗಿಲು ತೆರೆದಳು. "ಆಚೆ ಹೋಗಿ. ಕಾರು ನಾನು ಬಿಡ್ತೇನೆ." ಮನೆಯವರೆಗೂ ಕಾರು ಮೂವತ್ತು ದಾಟಲಿಲ್ಲ.

ಗೇಟಿನಲ್ಲಿ ಕೀ ಕೊಟ್ಟು ಹೇಳಿದಳು: "ವಾರ್ಡಿನಲ್ಲಿ ಪ್ರಜ್ಞೆ ಬಂದ ಕೂಡಲೇ ಹುಡುಗರು ಕೇಳುದು ಗಾಡಿ ಎಂತಾಯ್ತು ಅಂತ. ಅಮ್ಮ ಎಲ್ಲಿ ಅಂತ ಆಮೇಲೆ. ನಾಳೆ ಸಂಜೆ ಎಸಿ ಹಾಕಿಸಿ ಬನ್ನಿ. ಇಲ್ಲದಿದ್ರೆ ಬರುದೇ ಬೇಡ."

ಮರುದಿನ ಬೆಳಿಗ್ಗೆ ಮೂಸಬ್ಬ ಗೋಣಿ ಬಿಚ್ಚುತ್ತ ನಕ್ಕ. "ಹುಡುಗಿಗೆ ಸೆಕೆ ಆಯ್ತಾ?"

"ಹೌದು," ಎಂದ ರೂಬನ್. ಹಾಗೆಂದು ಅವನು ನಂಬಿಯೂ ಇದ್ದ.

ಸಂಜೆ ಗಾಜುಗಳನ್ನೆಲ್ಲ ಏರಿಸಿ, ಎಸಿಯನ್ನು ಪೂರ್ತಿ ತಿರುಗಿಸಿ, ಕಾರನ್ನು ಫ್ರಿಜ್ಜಿನಂತೆ ಮಾಡಿಕೊಂಡು ಅವನು ಕಾವೂರಿಗೆ ಬಂದ. ಆನ್ಸಿ ಹತ್ತಿ ಕೂತಳು, ಶಾಲು ಹೊದ್ದಳು, ಒಂದು ಸೀನು ಸೀನಿದಳು.

"ಬಂದ್ ಮಾಡಿ ಒಮ್ಮೆ. ವಾರ್ಡಿನಲ್ಲಿ ಎರಡು ವರ್ಷ ಈ ಎಸಿ ಚಳಿಯಲ್ಲೇ ಇದ್ದದ್ದು ನಾನು."

"ಮತ್ತೆ ಹಾಕಿಸಿದ್ದು ಯಾಕೆ?"

"ಭಾರಕ್ಕೆ." ಅವಳು ಗಾಜು ಇಳಿಸಿದಳು. "ಭಾನುವಾರ ಬೆಳಿಗ್ಗೆ ಇಗರ್ಜಿಯ ಪೂಜೆಗೆ ಒಟ್ಟಿಗೆ ಹೋಗುವ. ಪಪ್ಪ, ಮಮ್ಮಿ ಹಿಂದೆ ಕೂತುಕೊಳ್ತಾರೆ."

ರೂಬನ್ ವರಾಂಡದತ್ತ ನೋಡಿದ. ಭಾವೀ ಮಾವ ಕೈಬೀಸಿದರು. ಅವರೊಬ್ಬರೇ ನೂರು ಕಿಲೋಗೆ ಕಡಿಮೆ ಇರಲಿಕ್ಕಿಲ್ಲ.